ನೌಕೆಯ ಹೀಟರೂ ನನ್ನ ಬುದ್ಧಿಮಾತೂ

ಎಡ, ಬಲ ಎಂದರೆ ನಾನು ಈ ವಯಸ್ಸಿನಲ್ಲೂ ಕೈ ನೋಡಿಕೊಳ್ಳಬೇಕು. ಮೂಡು, ಪಡು, ತೆಂಕು, ಬಡಗು ಎಂದರೆ ಕಣ್ಣು ಮುಚ್ಚಿಯೂ ತೋರಿಸಿಯೇನು. ನನ್ನ ಮನೆಯಲ್ಲಿ ಚಮಚ ಕೂಡ ತಟ್ಟೆಯ ತೆಂಕು ಬದಿಗೇ ಇರುತ್ತದೆ. ಪರ್ಕಳದ ನನ್ನ ಮನೆಯ ಬಾಡಿಗೆ ಕೋಣೆಗೆ ಬಂದ ಕಾರ್ಕಳದ ಹುಡುಗಿ ಲವೀನಾಳಿಗೂ ಮೊದಲ ದಿನವೇ ಮಂಚವನ್ನು ಸ್ವಲ್ಪ ಬಡಗು ದಿಕ್ಕಿಗೆ ಸರಿಸು ಎಂದೆ. ಅವಳು ನಕ್ಕಳು.

"ಅಜ್ಜಿ, ನಾನು ನೋಡುವ ಗ್ರಹದಲ್ಲಿ ನಿಮ್ಮ ಬಡಗು ಓರೆಯಾಗಿ ಉಂಟು."

ಮಣಿಪಾಲದಲ್ಲಿ ಅವಳ ಸಂಶೋಧನೆ ಅದೇ. ಎಂದೋ ಯುರೇನಸ್ಸಿನ ಪಕ್ಕದಲ್ಲಿ ಹಾದುಹೋದ ನೌಕೆ ಕಳುಹಿಸಿದ ಅಂಕಿಗಳನ್ನು ಹಿಡಿದು, ಆ ಗ್ರಹದ ಹೊಟ್ಟೆಯೊಳಗಿನ ಅಯಸ್ಕಾಂತ ಎತ್ತ ಮುಖ ಮಾಡಿದೆ ಎಂದು ಹೇಳುವುದು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಉಚ್ಚಿಲದಲ್ಲಿ ಮೀನು ಮಾರಿದವಳಿಗೆ ಇಷ್ಟು ತಿಳಿದದ್ದೇ ಹೆಚ್ಚು.

ಕಳೆದ ತಿಂಗಳು ಅವಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಪ್ರಾಯದ ಹುಡುಗಿ, ಮತ್ತೆಂತ ಇರುತ್ತದೆ ಎಂದು ನಾನೇ ತೀರ್ಮಾನಿಸಿದೆ.

"ಯಾರವ ಮಾರಾಯ್ತಿ? ಬಿಟ್ಟು ಹಾಕು ಅವನನ್ನು."

"ಹುಡುಗ ಅಲ್ಲ ಅಜ್ಜಿ, ಹೀಟರ್!"

ಗ್ರಾಫಿನಲ್ಲಿ ಅವಳಿಗೊಂದು ಉಬ್ಬು ಸಿಕ್ಕಿತ್ತು. ಅದು ಗ್ರಹದ್ದೇ ಎಂದು ಅವಳ ಗೈಡಿಗೆ ಪರಮಾನಂದ. ಥೀಸಿಸ್ ನಿಂತದ್ದೇ ಅದರ ಮೇಲೆ. ಈಗ ನೋಡಿದರೆ ನೌಕೆಯ ಹೀಟರ್ ಆನ್ ಆದಾಗಲೆಲ್ಲ ಆ ಉಬ್ಬು ಏಳುತ್ತದಂತೆ. ನೌಕೆ ಗ್ರಹವನ್ನು ಬಿಟ್ಟು ತನ್ನನ್ನೇ ಅಳೆದುಕೊಂಡಿತ್ತು. ಇದು ಇವಳೊಬ್ಬಳಿಗೆ ಗೊತ್ತು. ಹೇಳಿದರೆ ಎರಡು ವರ್ಷದ ಕೆಲಸ ನೀರುಪಾಲು.

"ಹೇಳಬೇಡ," ಎಂದೆ. "ಅಲ್ಲಿಗೆ ಹೋಗಿ ನೋಡುವವರು ಯಾರು?"

ಐಸಿನ ನೀರು ಸುರಿಯುತ್ತಿದ್ದ ಮೀನನ್ನು ಹಾಗೆಯೇ ತೂಗಿ ಕೊಟ್ಟವಳ ಬಾಯಿಂದ ಇನ್ನೆಂತಹ ಉಪದೇಶಾಮೃತ ಬಂದೀತು?

ಲವೀನಾ ನನ್ನನ್ನೇ ನೋಡಿದಳು. "ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಅಜ್ಜಿ. ಬೇರೆಯವರ ಬಾಯಲ್ಲಿ ಎಷ್ಟು ಕೆಟ್ಟದಾಗಿ ಕೇಳ್ತದೆ, ಅಲ್ವಾ?"

ಅಷ್ಟು ಹೇಳಿ ಮಣಿಪಾಲದ ಬಸ್ಸು ಹತ್ತಿದಳು. ನನ್ನ ಬುದ್ಧಿಮಾತು ಯಾರಿಗಾದರೂ ಪ್ರಯೋಜನಕ್ಕೆ ಬಂದದ್ದು ಅದೊಂದೇ ಸಲ.

ಸಂಜೆ ಬಂದವಳ ಮುಖ ಬಾಡಿತ್ತು, ಆದರೆ ತಟ್ಟೆ ತಾನೇ ಹಾಕಿಕೊಂಡು ಕುಳಿತಳು. ಗೈಡು ಬೈಯಲಿಲ್ಲವಂತೆ; ಮೊದಲಿಂದ ಶುರು ಮಾಡು ಎಂದರಂತೆ. ಕೋಣೆ ಇನ್ನೊಂದು ವರ್ಷ ಬೇಕು ಎಂದಳು.

ನನಗೆ ಬಹಳ ಸಂತೋಷವಾಯಿತು. ಹುಡುಗಿ ನಿಜ ಹೇಳಿದಳೆಂದೋ, ಮಾತ್ರೆಯ ಚೀಟಿ ಓದಿ ಹೇಳುವವರು ಇನ್ನೊಂದು ವರ್ಷಕ್ಕೆ ಸಿಕ್ಕಿದರೆಂದೋ? ಮೊದಲನೆಯದು ಎಂದೇ ಹೇಳಲು ಹೊರಟಿದ್ದೆ. ಬೇಡ, ಎರಡನೆಯದೇ ಹೆಚ್ಚು.