ನಾಲ್ಕು ಬೆರಳು ಮಡಿಕೆ

ಊರಿಗೆ ಹೊಸದಾಗಿ ಬಂದ ವ್ಯಾಕರಣದ ಮೇಷ್ಟ್ರು ಪ್ಯಾಂಟಿನ ಅಂಚು ಸರಿಮಾಡಿಸಲು ಟೈಲರಕ್ಕನ ಅಂಗಡಿಗೆ ಬಂದ ದಿನ, ಅವಳು ಶಾಲೆಯ ಲಂಗವೊಂದನ್ನು ಕತ್ತರಿಸುತ್ತಿದ್ದಳು. ಲಂಗ ತೊಡುವ ಹುಡುಗಿಯ ತಾಯಿ ಪಕ್ಕದಲ್ಲೇ ನಿಂತಿದ್ದಳು.

"ಒಳಗೆ ಬಟ್ಟೆ ಬಿಡಬೇಡಕ್ಕಾ, ಸುಮ್ನೆ ದಂಡ. ಹದಿನಾಲ್ಕು ತುಂಬಿ ಶಾಲೆ ಬಿಡಿಸಿದ್ಮೇಲೆ ನನ್ನ ಮಗಳೆಲ್ಲಿ ಹಾಕ್ತಾಳೆ?"

ಟೈಲರಕ್ಕ ಅಂಚಿನ ಬಟ್ಟೆಯನ್ನು ಕತ್ತರಿಸಿ ಹಾಕಿದಳು. ತಾನೂ ಅದೇ ವಯಸ್ಸಿಗೆ ಪುಸ್ತಕ ಮಡಚಿಟ್ಟು, ಅಂಗಿಗಳ ಗುಂಡಿ ತೂರುವ ಕಾಜಾಕ್ಕೆ ದಾರ ಸುತ್ತಲು ಕೂತವಳು.

ಅಷ್ಟರಲ್ಲಿ ಅವಳ ಮಗಳು ಚೀಲ ಬೀಸುತ್ತ ಓಡಿಬಂದಳು. ಚಿಕ್ಕಂದಿನಲ್ಲಿ ಗುಂಡಿಗಳ ಡಬ್ಬಿಯೇ ಆಟಿಕೆಯಾಗಿದ್ದರಿಂದ ಎಲ್ಲರಿಗೂ ಅವಳು 'ಗುಂಡಿ'.

"ಅಮ್ಮಾ, ಶಾಲೆ ಬಿಡ್ತು!"

ಮೇಷ್ಟ್ರು ಸುಮ್ಮನಿರುತ್ತಾರೆಯೇ? "ಶಾಲೆ ಬಿಟ್ಟಿತು ಅಂದ್ರೆ ಕರ್ತೃ ಯಾವುದಮ್ಮ?"

"ಶಾಲೆ, ಸಾರ್."

"ಹುಡುಗಿ ಶಾಲೆ ಬಿಟ್ಟಳು ಅಂದ್ರೆ?"

"ಹುಡುಗಿ ಕರ್ತೃ. ಶಾಲೆ ಕರ್ಮ."

"ಶಾಲೇದಲ್ಲ ಕಣೇ, ಅದು ಹುಡುಗೀದೇ ಕರ್ಮ," ಎಂದಳು ಟೈಲರಕ್ಕ. ಮೇಷ್ಟ್ರು ಮನಸಾರೆ ನಕ್ಕರು. ಹೇಳಿದವಳಿಗೆ ಮಾತ್ರ ನಗು ಬರಲಿಲ್ಲ.

ಮುಂದೆ ಟೈಲರಕ್ಕ ಪುರಸಭೆಗೆ ಆರಿಸಿಬಂದಳು. ಕಾಯಿದೆಯ ಪ್ರಕಾರ ಮಕ್ಕಳು ಹದಿನಾಲ್ಕರವರೆಗೆ ಮಾತ್ರ ಶಾಲೆಗೆ ಹೋಗಲೇಬೇಕಿತ್ತು. ಮನಸ್ಸಿದ್ದ ಊರು ತನ್ನ ಸಭೆಯಲ್ಲೇ ಠರಾವು ಮಾಡಿ ಅದನ್ನು ಹದಿನಾರಕ್ಕೆ ಏರಿಸಬಹುದಿತ್ತು. ಅಂಥ ಠರಾವು ಸಭೆಯ ಮುಂದೆ ಬಂದಾಗ ಗುಂಡಿಗೆ ಹದಿನಾಲ್ಕು ತುಂಬುವುದರಲ್ಲಿತ್ತು.

ಮನೆಯಲ್ಲಿದ್ದವರು ಅತ್ತೆ, ಸೊಸೆ, ಮೊಮ್ಮಗಳು, ಮೂವರೇ. ಕಾಜಾದ ಕೆಲಸವೆಲ್ಲ ಅತ್ತೆಯದು. ಸಭೆಯ ಹಿಂದಿನ ದಿನ ಊಟಕ್ಕೆ ಕೂತಾಗ ಅತ್ತೆ ಮಾತು ತೆಗೆದರು. "ಕಾಜಾ ನನ್ನ ಬೆರಳಿಗೇ ಗೊತ್ತು. ಆದ್ರೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಬೇಕಲ್ಲ? ಇನ್ಮೇಲೆ ಗುಂಡಿ ಕೂತ್ಕೊಳ್ಲಿ. ಅಲ್ಲಿ ಕೈ ಎತ್ತೋಕೆ ಹೋಗಿ ಮನೆ ಕೈ ಮುರ್ಕೋಬೇಡ ಕಣೇ."

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ.

"ಅಷ್ಟೇನಾ ಅಜ್ಜಿ?" ಎಂದಳು ಗುಂಡಿ. "ಶಾಲೆಗೆ ಹೋಗೋ ಮುಂಚೆ ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತೀನಿ. ಒಂದು ಮುಗಿದ್ರೆ ಇನ್ನೊಂದು ಕಿತ್ಕೋ."

"ಇವಳ ಬಾಯಿಗೂ ಒಂದು ಕಾಜಾ ಹಾಕ್ಬೇಕು, ಗುಂಡಿ ಸಮೇತ," ಎಂದು ಅಜ್ಜಿ ಗೊಣಗಿದರು. ಬೇಡ ಎನ್ನಲಿಲ್ಲ.

ಮರುದಿನ ಸಭೆಯಲ್ಲಿ ಪರ, ವಿರೋಧ ಸಮಸಮವಾದವು. ಟೈಲರಕ್ಕನ ಕೈಯೊಂದೇ ಉಳಿದಿತ್ತು. ಎಳೆಯ ಹುಡುಗಿಯರನ್ನೇ ಕೆಲಸಕ್ಕಿಟ್ಟುಕೊಂಡಿದ್ದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಸಾಹುಕಾರರು ಚುಚ್ಚಿದರು: "ಇದು ಪಾಸಾದ್ರೆ ನಿಮ್ಮ ಅಂಗಡೀಲಿ ಕಾಜಾ ಯಾರು ಹಾಕ್ತಾರಮ್ಮ? ಬಟ್ಟೆ ಎಲ್ಲಾ ತಡ ಆಗಲ್ವಾ?"

"ಆಗುತ್ತೆ ಸಾಹುಕಾರ್ರೇ. ನಿಮ್ಮ ಅಂಗಿಯಿಂದಲೇ ಶುರು ಮಾಡ್ತೀನಿ."

ಸಭೆ ಗೊಳ್ಳೆಂದಿತು. ಆ ನಗುವಿನ ನಡುವೆಯೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮೆತ್ತಿದ ಅವಳ ಕೈ ಮೇಲೆದ್ದಿತು. ಠರಾವು ಪಾಸಾಯಿತು.

ಬಟ್ಟೆ ತಡವಾದದ್ದು ನಿಜ. ಒಂದಿಬ್ಬರು ಗಿರಾಕಿಗಳು ಮುನಿಸಿಕೊಂಡು ಬೇರೆ ಅಂಗಡಿ ಹಿಡಿದದ್ದೂ ನಿಜ. ಸಾಹುಕಾರರು ಮಾತ್ರ ಗೊಣಗುತ್ತಲೇ ಇಲ್ಲಿಗೇ ಬರುತ್ತಾರೆ. ಅಜ್ಜಿ ದಿಂಬಿನಿಂದ ಸೂಜಿ ಕಿತ್ತು ಕಿತ್ತು ಕಾಜಾ ಹಾಕುತ್ತಾರೆ. ಕೆಂಪು ಅಂಗಿಗೆ ನೀಲಿ ದಾರ ಬಂದರೆ ಮೊಮ್ಮಗಳಿಗೆ ಸಂಜೆ ಮಂಗಳಾರತಿ.

ಈಗ ಹದಿಮೂರರ ಹುಡುಗಿಯರಿಗೂ ಲಂಗ ಹೊಲಿಯುವಾಗ ಟೈಲರಕ್ಕ ಯಾರನ್ನೂ ಕೇಳದೆ ಒಳಗೆ ನಾಲ್ಕು ಬೆರಳು ಬಟ್ಟೆ ಬಿಡುತ್ತಾಳೆ. "ಇಷ್ಟ್ಯಾಕಕ್ಕಾ?" ಎಂದರೆ, "ಬೆಳೀತಾಳಲ್ಲಮ್ಮ, ಎಲ್ಲಿಗೆ ಹೋಗ್ತಾಳೆ?" ಎನ್ನುತ್ತಾಳೆ. ಮೊನ್ನೆ ಮೇಷ್ಟ್ರು ಹೋದಾಗ ಮಗಳು ಗುಂಡಿಯ ಲಂಗವನ್ನೇ ತೊಡೆಯ ಮೇಲೆ ಹಾಕಿಕೊಂಡು, ಉದ್ದ ಬಿಡಲು ಮಡಿಕೆಯ ಹೊಲಿಗೆ ಬಿಚ್ಚುತ್ತಿದ್ದಳು. ಎರಡನೆಯ ಸಲ.