ಕೆಂಚನ ಪೆಡಲಿಗೆ ಎಷ್ಟು ವಯಸ್ಸು?

ಕೆಂಚನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿತ್ತು. ಅದು ಡ್ರಮ್ ಬಾರಿಸಿ ಬಾರಿಸಿ ಬಂದ ವೈರಾಗ್ಯ.

ಕೊಡಗಿನ ಬಿಟ್ಟಂಗಾಲದ ಕಾಫಿ ಎಸ್ಟೇಟೊಂದರಲ್ಲಿ ಅವನು ಪಲ್ಪರ್ ಮನೆಯ ಫಿಟ್ಟರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಹಲ್ಲುನೋವು, ಹೊಟ್ಟೆನೋವು ಎಲ್ಲ ಅವನಿಗೆ ಗೊತ್ತು. ವಾರವಿಡೀ ಅದರ ಸದ್ದು ಕೇಳಿ, ಶನಿವಾರ ಸಂಜೆ ದೊರೆಗಳ ಕ್ಲಬ್ಬಿಗೆ ಹೋಗಿ ಅದನ್ನೇ ಡ್ರಮ್ಮಿನ ಮೇಲೆ ಇಳಿಸುತ್ತಿದ್ದ. ದೊರೆಸಾನಿಗಳು ಇದು ಲಂಡನ್ನಿನ ಹೊಸ ತಾಳ ಇರಬೇಕು ಎಂದು ಕುಣಿಯುತ್ತಿದ್ದರು. ಕೆಂಚ ತಿದ್ದಲು ಹೋಗಲಿಲ್ಲ.

ಡ್ರಮ್ ಕ್ಲಬ್ಬಿನದು, ಪೆಡಲ್ ಮಾತ್ರ ಕೆಂಚನ ಸ್ವಂತದ್ದು. ಕಾಲಲ್ಲಿ ಒತ್ತಿದರೆ ಉಣ್ಣೆ ಸುತ್ತಿದ ಗುಂಡೊಂದು ಹೋಗಿ ದೊಡ್ಡ ಡ್ರಮ್ಮಿನ ಹೊಟ್ಟೆಗೆ ಗುದ್ದುವ ಕಬ್ಬಿಣದ ಸಲಕರಣೆ ಅದು. ಅವನಿಗೆ ಡ್ರಮ್ ಕಲಿಸಿದ ಎಸ್ಟೇಟಿನ ಚಿಕ್ಕ ದೊರೆ 1931ರಲ್ಲಿ ಸೀಮೆಗೆ ಹಡಗು ಹತ್ತುವ ಮೊದಲು ಅದನ್ನು ಕೊಟ್ಟು ಹೋಗಿದ್ದ. ಜೊತೆಗೆ ತನ್ನ ಬೂಟನ್ನೂ ಕೊಟ್ಟಿದ್ದ. ಬೂಟು ಹಾಕಿದ ಮೊದಲ ಶನಿವಾರ ಕೆಂಚನ ಕಾಲು ಜಾರಿ ಪೆಡಲಿನ ಬದಲು ಡ್ರಮ್ಮಿಗೇ ಒದೆ ಬಿತ್ತು. ಡ್ರಮ್ ಉರುಳಿಕೊಂಡು ಹೋಗಿ ಒಬ್ಬ ಕರ್ನಲ್ ಸಾಹೇಬರ ಮೊಣಕಾಲಿಗೆ ಸಲಾಂ ಹೊಡೆಯಿತು. ಅಂದಿನಿಂದ ಬರಿಗಾಲು.

1936ರಲ್ಲಿ ಪಕ್ಕದ ತೋಟದ ದೊರೆಯೊಬ್ಬ ಕ್ಲಬ್ಬಿಗೆ ಹೊಸ ಸೆಕ್ರೆಟರಿಯಾಗಿ ಬಂದ. ಬಂದವನೇ ಹಳೆಯ ಪಟ್ಟಿ ತೆಗೆದು ಒಂದೊಂದು ಸಾಮಾನನ್ನೂ ಕಣ್ಣಿಗೆ ತೋರಿಸು ಎಂದು ಕ್ಲಬ್ಬಿನ ಲೆಕ್ಕ ಬರೆಯುವ ರೈಟರ್ ದೇರಪ್ಪನ ಹಿಂದೆ ಬಿದ್ದ. ದೇರಪ್ಪ ಒಡೆದ ಪಿಂಗಾಣಿಯಿಂದ ಹಿಡಿದು ಹುಳ ತಿಂದ ಹುಲಿಚರ್ಮದವರೆಗೆ ಎಲ್ಲ ತೋರಿಸಿದ. ಒಂದೇ ಒಂದು ಸಿಗಲಿಲ್ಲ. ಪಟ್ಟಿಯಲ್ಲಿ ಬರೆದಿತ್ತು: ಡ್ರಮ್ ಪೆಡಲ್ ಒಂದು, 1912ರಲ್ಲಿ ತರಿಸಿದ್ದು.

ದೇರಪ್ಪನಿಗೆ ಬೆವರು ಕಿತ್ತು ಬಂತು. ಆಮೇಲೆ ಕೆಂಚನ ನೆನಪಾಯಿತು.

ಭಾನುವಾರ ಬೆಳಿಗ್ಗೆ ಕೆಂಚನಿಗೆ ಪೆಡಲ್ ಸಮೇತ ಬರಲು ಹೇಳಿಕಳಿಸಿದರು. ಅವನು ಆ ಕ್ಲಬ್ಬನ್ನು ಹಗಲು ಹೊತ್ತಿನಲ್ಲಿ ನೋಡಿದ್ದು ಅದೇ ಮೊದಲು. ವರಾಂಡದಲ್ಲಿ ದೊರೆ ಕೂತಿದ್ದ, ದೇರಪ್ಪ ನಿಂತಿದ್ದ.

"ನೋಡಿ ಸಾರ್," ದೇರಪ್ಪ ಪೆಡಲನ್ನು ತಿರುಗಿಸಿ ಅಡಿಯಲ್ಲಿ ಕೊರೆದ ಅಕ್ಷರ ತೋರಿಸಿದ. "ಪೇಟೆಂಟ್ 1909. ಒಂಬತ್ತರಲ್ಲಿ ಮಾಡಿದ್ದು, ಹನ್ನೆರಡರಲ್ಲಿ ನಮ್ಮಲ್ಲಿಗೆ ಬಂದದ್ದು. ಇವ ಎತ್ತಿಕೊಂಡು ಹೋದದ್ದು."

"ಅಯ್ಯೋ ರೈಟರಯ್ಯ, ನಂಗೆ ಚಿಕ್ಕ ದೊರೆ ಕೊಟ್ಟದ್ದು!"

"ಎಲ್ಲಿ ನಿನ್ನ ಚಿಕ್ಕ ದೊರೆ? ಕರಿ, ಬರ್ಲಿ!"

ದೊರೆ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. "ಕೆಂಚ, ಇದು ಕಳ್ಳತನ ಆದರೆ ನಾನು ನಿನ್ನ ಎಸ್ಟೇಟಿಗೆ ಇವತ್ತೇ ಕಾಗದ ಬರೀತೇನೆ."

ಕಾಗದ ಹೋದರೆ ಪಲ್ಪರ್ ಮನೆ ಹೋಯಿತು, ಎಸ್ಟೇಟು ಕೊಟ್ಟ ಲೈನಿನ ಮನೆಯೂ ಹೋಯಿತು. ಆದರೆ ಯಂತ್ರದ ಮಾತು ಬಂದರೆ ಕೆಂಚನಿಗೆ ದೇವರ ಎದುರೂ ಹೆದರಿಕೆ ಇರಲಿಲ್ಲ.

"ದೊರೆ, ನಿಮ್ಮ ತೋಟದ ಹೊಸ ಪಲ್ಪರ್ ಯಾವಾಗ ಬಂತು?"

"1930."

"ಪೆಟ್ಟಿಗೆ ಒಡೆದು ಕೂರಿಸಿದ್ದು ನಾನೇ. ಅದರ ಮೈಮೇಲೆ ಕೊರೆದ ವರ್ಷ ಎಂತ ಗೊತ್ತುಂಟಾ? 1898! ಮಾಡಿದ ವರ್ಷ ಅಲ್ಲ ಅದು, ಮೊದಲು ಯೋಚನೆ ಮಾಡಿದವ ಸರ್ಕಾರದಲ್ಲಿ ಬರೆಸಿದ ವರ್ಷ. ಆಮೇಲೆ ಎಷ್ಟು ಮಾಡಿದ್ರೂ ಅದೇ ಮುದ್ರೆ."

ದೊರೆಯ ಹುಬ್ಬು ಮೇಲೆ ಹೋಯಿತು. "ಅದು ಹೌದು. ಆದರೆ ಇದು 1912ರದ್ದು ಅಲ್ಲ ಅಂತ ಹೇಗೆ ಹೇಳ್ತಿ?"

"ಆ ಕಾಲದ್ದಕ್ಕೆ ಪಕ್ಕದಲ್ಲಿ ಒಂದು ಕಂಬಿ ಇರ್ತದೆ ಅಂತ ಚಿಕ್ಕ ದೊರೆ ಹೇಳಿದ್ರು. ಒಂದೇ ಒತ್ತಿಗೆ ಗುಂಡು ಡ್ರಮ್ಮಿಗೆ, ಕಂಬಿ ಪಕ್ಕದ ಹಿತ್ತಾಳೆ ತಾಳಕ್ಕೆ. ಈಗೆಲ್ಲ ತಾಳಕ್ಕೇ ಬೇರೆ ಪೆಡಲು. ನಂದರಲ್ಲಿ ಆ ಕಂಬಿ ಕೂರಿಸೋಕೆ ತೂತು ಸಹ ಇಲ್ಲ, ನೋಡಿ."

"ಬಾಯಿಗೆ ಬಂದದ್ದು ಒದರ್ತಾನೆ ಸಾರ್!" ಎಂದ ದೇರಪ್ಪ. "ಹಾಗಾದ್ರೆ ನಮ್ಮ ಪೆಡಲ್ ಎಲ್ಲಿಗೆ ಹೋಯ್ತು, ಕಾವೇರಿ ಸ್ನಾನಕ್ಕಾ?"

ಆಗ ಹಿತ್ತಲಿನ ಅಡಿಗೆಮನೆಯಿಂದ ಸದ್ದು ಬಂತು: ಢಂಛಣ್! ಢಂಛಣ್!

ಕೆಂಚನ ಹೆಬ್ಬೆರಳು ತಾನಾಗಿ ಎದ್ದು ನಿಂತಿತು.

"ಎಂತದು ಅದು?" ಎಂದ.

"ಅಡಿಗೆಯವಳು ದೊಡ್ಡಿ ಕೋತಿ ಓಡಿಸೋದು. ದಿನಾ ಇದ್ದದ್ದೇ. ವಿಷಯ ಬದಲಾಯಿಸಬೇಡ," ಎಂದ ದೇರಪ್ಪ.

"ಅಲ್ಲ ರೈಟರಯ್ಯ, ಢಂ ಮತ್ತೆ ಛಣ್ ಒಟ್ಟಿಗೆ ಬರ್ತಾ ಉಂಟು! ಎರಡು ಕೈಯಲ್ಲಿ ಹೊಡೆದ್ರೆ ಯಾವುದಾದ್ರೂ ಒಂದು ಕೂದಲೆಳೆ ಹಿಂದೆ ಬೀಳ್ತದೆ. ಇದು ಕೈ ಅಲ್ಲ, ಕಾಲು!"

ಹೇಳಿದವನೇ ಅಪ್ಪಣೆಗೂ ಕಾಯದೆ ಹಿತ್ತಲಿಗೆ ಓಡಿದ. ಕಾಗದ ಕೈಯಲ್ಲೇ ಹಿಡಿದು ದೊರೆ, ಅವನ ಹಿಂದೆ ಪಟ್ಟಿ ಹಿಡಿದ ದೇರಪ್ಪ.

ಅಡಿಗೆಯ ದೊಡ್ಡಿ ಎರಡೂ ಕೈಯನ್ನು ಹಿಟ್ಟಿನಲ್ಲಿ ಹೂತು ಕೂತಿದ್ದಳು. ಕಾಲ ಬುಡದಲ್ಲಿ ಪೆಡಲ್. ಎದುರಿಗೆ ಕವುಚಿ ಹಾಕಿದ ಸೀಮೆಎಣ್ಣೆ ಡಬ್ಬ, ಪಕ್ಕದಲ್ಲಿ ನೇತಾಡುವ ಹಿತ್ತಾಳೆ ಮುಚ್ಚಳ. ಕಿಟಕಿಯಲ್ಲಿ ಕೋತಿಯ ಮುಖ ಕಂಡೊಡನೆ ಒಂದು ಒತ್ತು: ಗುಂಡು ಡಬ್ಬಕ್ಕೆ, ಕಂಬಿ ಮುಚ್ಚಳಕ್ಕೆ.

"ಎಲ್ಲಿ ಸಿಕ್ತು ದೊಡ್ಡಕ್ಕ ಇದು?" ಕೆಂಚನಿಗೆ ಉಸಿರೇ ಸಾಲದು.

"ಸೌದೆ ಕೊಟ್ಟಿಗೇಲಿ ಬಿದ್ದಿತ್ತು. ಹನ್ನೆರಡು ವರ್ಷ ಆಯ್ತು. ಈ ರೈಟ್ರು ದಿನಾ ಇಲ್ಲೇ ಕೂತು ಉಣ್ಣೋದು, ಒಂದಿನವೂ ಕೇಳ್ಲಿಲ್ಲ."

ಕೆಂಚ ಬಗ್ಗಿ ಅದರ ಅಡಿಯ ಮಸಿ ಒರೆಸಿದ. ಪೇಟೆಂಟ್ 1909. ತನ್ನದನ್ನು ಪಕ್ಕಕ್ಕಿಟ್ಟ. ಅದೇ ಮುದ್ರೆ, ಅದೇ ವರ್ಷ. ಒಂದಕ್ಕೆ ಕಂಬಿ ಉಂಟು, ಇನ್ನೊಂದಕ್ಕೆ ಇಲ್ಲ. ದೊರೆ ಎರಡನ್ನೂ ನೋಡಿದ, ದೇರಪ್ಪನನ್ನು ನೋಡಿದ, ಕಾಗದವನ್ನು ನಾಲ್ಕಾಗಿ ಹರಿದು ಒಲೆಗೆ ಹಾಕಿದ.

ದೇರಪ್ಪ ಹುರುಪಿನಿಂದ ಕ್ಲಬ್ಬಿನ ಪೆಡಲಿಗೆ ಕೈ ಹಾಕಿದ. ದೊಡ್ಡಿ ಕಾಲು ತೆಗೆಯಲಿಲ್ಲ.

"ತಗೊಂಡು ಹೋಗಿ ಬೇಕಾದ್ರೆ. ನಾಳೆಯಿಂದ ಕಿಟಕಿ ಹತ್ರ ನೀವು ಕೂತು ಡಬ್ಬ ಬಡೀರಿ. ಕೋತಿಗೂ ನಿಮ್ಮ ಗುರುತು ಸಿಗ್ತದೆ."

ದೊರೆ ಕೆಮ್ಮಿ, ನಗು ನುಂಗಿ, ಪಟ್ಟಿಯಲ್ಲಿ ತಾನೇ ಬರೆದ: ಡ್ರಮ್ ಪೆಡಲ್ ಒಂದು, ಅಡಿಗೆಮನೆ, ಕೆಲಸದಲ್ಲಿದೆ.

ಅವರಿಬ್ಬರೂ ಹೋದ ಮೇಲೆ ಕೆಂಚ ತನ್ನ ಪೆಡಲನ್ನು ಕಂಕುಳಲ್ಲಿ ಇರುಕಿಕೊಂಡ. ಹೋಗಲು ಮನಸ್ಸಾಗದೆ ಅಲ್ಲೇ ಕೂತು, ದೊಡ್ಡಿಯ ಪೆಡಲಿನ ಮೇಲೆ ಬರಿಗಾಲಿಟ್ಟ. ಸ್ಪ್ರಿಂಗು ಇನ್ನೂ ಗಟ್ಟಿಯಾಗಿತ್ತು. ಮೆಲ್ಲಗೆ ಒತ್ತಿದ. ಮತ್ತೆ ಒತ್ತಿದ. ಪಲ್ಪರಿನ ಲಯ ತಾನಾಗಿ ಬಂತು.

ಕೋತಿ ಕಿಟಕಿಗೆ ಬಂದು, ಓಡುವುದನ್ನು ಮರೆತು, ತಲೆ ಓರೆ ಮಾಡಿ ಕೂತಿತು. ಅದರ ಪಕ್ಕಕ್ಕೆ ಇನ್ನೊಂದು.

"ಏಳೋ ಮಾರಾಯ!" ದೊಡ್ಡಿ ಹಿಟ್ಟಿನ ಕೈ ಎತ್ತಿದಳು. "ನಾನು ಓಡ್ಸೋಕೆ ಇಟ್ಟದ್ದು, ನೀನು ಅವಕ್ಕೆ ಸಂಗೀತ ಕಚೇರಿ ಮಾಡ್ತಿದ್ದಿ!"