ಕುರಿ ಕೂಗದ ಸಂಜೆ

ನಮ್ಮತ್ತೆಯ ಬಾಯಲ್ಲಿ ಯಾವ ಮಾತೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಮುದ್ದೆ ಆಯ್ತಾ ಅಂದರೆ "ಹೆಚ್ಚುಕಮ್ಮಿ ಆಯ್ತು" ಅನ್ನುತ್ತಿದ್ದಳು. ಜ್ವರ ಬಿಟ್ಟಿತಾ ಅಂದರೆ "ಹೆಚ್ಚುಕಮ್ಮಿ ಬುಡ್ತು." ಮುದ್ದೆ ತಟ್ಟೆಯಲ್ಲಿ ಹಬೆಯಾಡುತ್ತಿದ್ದರೂ, ಜ್ವರ ಬಿಟ್ಟ ಮನುಷ್ಯ ಎದ್ದು ಸಿರಾ ಸಂತೆಗೆ ಹೋಗಿದ್ದರೂ ಅವಳದು ಅದೇ ಮಾತು. ನನ್ನ ತವರು ಪಾವಗಡದ ಕಡೆ. ಅಲ್ಲಿ ನಮ್ಮವ್ವ ಹೆಚ್ಚುಕಮ್ಮಿ ಅನ್ನಲು ತೆಲುಗು ಬೆರೆಸಿ "ದಾದಾಪು" ಅನ್ನುತ್ತಿದ್ದಳು, ಆದರೆ ಅದು ಸರಿಯಾಗಿ ಗೊತ್ತಿಲ್ಲದಾಗ ಮಾತ್ರ. ಇವಳು ಗೊತ್ತಿದ್ದೂ ಹಾಗೆ ಹೇಳುತ್ತಿದ್ದಳು. ಮದುವೆಯಾಗಿ ಬುಕ್ಕಾಪಟ್ಟಣದ ಕಡೆಯ ಈ ಕುರುಬರ ಹಟ್ಟಿಗೆ ಬಂದ ಹೊಸದರಲ್ಲಿ ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಕುರಿಯೋರು ನಾವು. ಪೂರ್ತಿ ಆಯ್ತು ಅಂದ್ರೆ ಕಣ್ಣು ಬೀಳ್ತದೆ ಕಣೇ" ಅನ್ನುತ್ತಿದ್ದಳು.

ಅದೇ ಭಯಕ್ಕೆ ನಮ್ಮಲ್ಲಿ ಕುರಿ ಎಣಿಸುತ್ತಿರಲಿಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಅನ್ನುತ್ತಿದ್ದರು. ಮತ್ತೆ ಒಂದು ಮರಿ ಕಳೆದರೆ ಗೊತ್ತಾಗುವುದು ಹೇಗೆ? ಅದಕ್ಕೊಂದು ದಾರಿಯಿತ್ತು. ಎಳೆಮರಿಗಳನ್ನು ಮೇಯಲು ಕಳಿಸದೆ ಹಗಲೆಲ್ಲ ಗುಡಿಸಲ ಪಕ್ಕದ ರೊಪ್ಪದಲ್ಲಿ, ಮುಳ್ಳುಬೇಲಿಯೊಳಗೆ ಬಿಟ್ಟಿರುತ್ತಿದ್ದೆವು. ಸಂಜೆ ಮಂದೆ ಬಂದಾಗ ತಾಯಿಕುರಿಗಳು ನುಗ್ಗಿ, ಮೂಸಿ ಮೂಸಿ ತಂತಮ್ಮ ಮರಿಯನ್ನು ಹುಡುಕಿಕೊಳ್ಳುತ್ತವೆ. ಆಗ ಕಿವಿ ಕಿತ್ತುಹೋಗುವಂಥ ಗದ್ದಲ. ಮರಿಗಳ ಬಾಯಿಗೆ ಮೊಲೆ ಸಿಕ್ಕಿದ ಮೇಲೆ ಸದ್ದಡಗುತ್ತದೆ. ಆಮೇಲೂ ಒಂದು ಕುರಿ ಕೂಗುತ್ತಲೇ ಇದ್ದರೆ ಅದರ ಮರಿ ಇಲ್ಲವೆಂದು ಅರ್ಥ. ಆ ಲೆಕ್ಕ ತಪ್ಪಿದ್ದನ್ನು ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ.

ನನ್ನ ಚೊಚ್ಚಲು ಮಗಳು ತೆವಳುವ ಹೊತ್ತಿಗೆ ನನಗೆ ಹೆದರಿಕೆ ಶುರುವಾಯಿತು. ಹಟ್ಟಿಯ ರೂಢಿಯಂತೆ ಅತ್ತೆ ಕೂಸನ್ನು ರೊಪ್ಪದಲ್ಲಿ ಒಂದೆರಡು ಎಳೆಮರಿಗಳ ನಡುವೆ ಮಲಗಿಸಿ, ಮೇಲೆ ದೊಡ್ಡ ಬಿದಿರು ಮಂಕರಿ ಬೋರಲು ಹಾಕಿ, ಅದರ ಮೇಲೊಂದು ಕಲ್ಲು ಇಡುತ್ತಿದ್ದಳು. ಮರಿಗಳ ಬಿಸಿಗೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತಿತ್ತು, ಅದೇನೋ ನಿಜ. ಆದರೆ ಬೇಲಿಯಾಚೆ ಮಹಾರಾಜರ ಸರ್ಕಾರದ ಕಾವಲು, ಕಾರೆ ಜಾಲಿ ಬೆಳೆದ ಕುರುಚಲು ಕಾಡು. ಅಲ್ಲಿ ತೋಳಗಳಿದ್ದವು.

"ತೋಳ ಬಂದ್ರೆ ಅತ್ತೆ?" ಅಂದೆ ಒಂದು ದಿನ.

"ಹಗಲೊತ್ತು ಬರಾಕಿಲ್ಲ ಕಣೇ, ಹೆಚ್ಚುಕಮ್ಮಿ."

"ಹೆಚ್ಚುಕಮ್ಮಿ ಅಂದ್ರೆ? ಒಂದಿನ ಬಂದ್ಬುಟ್ರೆ?"

"ಪಾವಗಡದೋಳ್ಗೆ ಬಾಯಿ ಜಾಸ್ತಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನೀರಿಗೆ ಹೋದರೂ, ಸೌದೆಗೆ ಹೋದರೂ ಜೀವ ಮಾತ್ರ ಆ ಮಂಕರಿಯ ಹತ್ತಿರವೇ ಇರುತ್ತಿತ್ತು.

ಆಗ ನಾನೊಂದು ತಬ್ಬಲಿ ಮರಿಯನ್ನೂ ಸಾಕುತ್ತಿದ್ದೆ. ಅದನ್ನು ಈದು ತಾಯಿ ಸತ್ತಿತ್ತು. ಮೇಕೆಹಾಲಲ್ಲಿ ಬಟ್ಟೆ ಅದ್ದಿ ಅದ್ದಿ ಕುಡಿಸಿ ಬದುಕಿಸಿದ್ದೆ. ನಾನು ಎಲ್ಲಿಂದ ಬಂದರೂ ಓಡಿಬಂದು ಸೆರಗು ಕಚ್ಚಿ ಜಗ್ಗುತ್ತಿತ್ತು. ತಲೆಯ ಮೇಲೆ ಗಡಿಗೆ ಇದ್ದಾಗಲಂತೂ ಅದನ್ನು ಬೈದು ಬೈದು ಸಾಕಾಗುತ್ತಿತ್ತು. ಅದೂ ಮಗಳ ಜೊತೆ ಮಂಕರಿಯೊಳಗೇ ಮಲಗುತ್ತಿತ್ತು.

ಆವತ್ತು ಹೊತ್ತು ಇಳಿಯುವಾಗ ನಾನು ಕುಂಟೆಯಿಂದ ನೀರು ಹೊತ್ತು ಬಂದೆ. ರೊಪ್ಪದ ಬಾಯಿಗೆ ಅಡ್ಡ ಎಳೆದಿದ್ದ ಮುಳ್ಳು ಪಕ್ಕಕ್ಕೆ ಸರಿದಿತ್ತು. ಮಂಕರಿ ಮಗುಚಿ ಬಿದ್ದಿತ್ತು. ಮರಿಗಳೆಲ್ಲ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ನೆಲದಲ್ಲಿ ಏನನ್ನೋ ಎಳೆದುಕೊಂಡು ಹೋದ ಗೀರು, ಗೀರಿನ ಪಕ್ಕ ರಕ್ತ. ಕೂಸು ಇರಲಿಲ್ಲ. ಗಡಿಗೆ ಯಾವಾಗ ಬಿತ್ತೋ ನನಗೆ ಗೊತ್ತಿಲ್ಲ.

ನನ್ನ ಕೂಗಿಗೆ ಅತ್ತೆ ಪಕ್ಕದ ಗುಡಿಸಲಿಂದ ಓಡಿಬಂದಳು. ಕೆಂಡ ತರಲು ಹೋಗಿದ್ದಳಂತೆ. ಅವಳ ಕೈಯಲ್ಲಿ ಕೆಂಡದ ಚಿಪ್ಪಿತ್ತು, ಕೂಸಿರಲಿಲ್ಲ. ನಾನು ಮರಿಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಗುಡಿಸಲಿಗೆ ಇಣುಕಿದೆ. ಒಳಗೆ ಕತ್ತಲು, ಸದ್ದಿಲ್ಲ.

ಅಷ್ಟರಲ್ಲಿ ನನ್ನ ಗಂಡ ಮಂದೆ ಹೊಡೆದುಕೊಂಡು ಬಂದ. ರಕ್ತ ಕಂಡವನೇ ದೊಣ್ಣೆ ಹಿಡಿದು ಕಾವಲಿನತ್ತ ಓಡಲು ಹೊರಟ. ಅತ್ತೆ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ತಡಿಯಲಾ, ಕುರಿ ಕೂಗ್ತವಾ ನೋಡಾನ. ಮರಿ ಒಯ್ದಿದ್ರೆ ಒಂದು ಕೂಗ್ತದೆ."

ಕುರಿಗಳು ನುಗ್ಗಿದವು. ನನ್ನ ಜೀವನದಲ್ಲಿ ಅಂಥ ಭಯ ಇನ್ನೊಂದಿಲ್ಲ. ಯಾವುದಾದರೂ ಒಂದು ಕುರಿಗೆ ಮರಿ ಸಿಗದಿರಲಿ, ಒಂದಾದರೂ ಕೂಗಲಿ, ಬೆಳಗಾಗುವವರೆಗೂ ಕೂಗಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮರಿಗಳು ಒಂದೊಂದೇ ಬಾಲ ಅಲ್ಲಾಡಿಸುತ್ತ ಕೆಚ್ಚಲಿಗೆ ಬಾಯಿ ಹಾಕಿದವು. ಗದ್ದಲ ಕಮ್ಮಿಯಾಯಿತು. ಮೂಲೆಯಲ್ಲೊಂದು ಕುರಿ ಕೂಗುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಒಂದು ಮರಿ ಕಾಲಡಿ ನುಸುಳಿ ಬಂದು ಅದರ ಹಾಲಿಗೆ ಬಾಯಿ ಹಾಕಿತು. ಆ ಕುರಿಯೂ ಸುಮ್ಮನಾಯಿತು.

ಅತ್ತೆ ನನ್ನ ಮುಖ ನೋಡಿದಳು. "ಕೂಸು ಹೋಯ್ತು" ಅಂದಳು.

ಬರೀ ಅಷ್ಟೇ. ಹೆಚ್ಚುಕಮ್ಮಿ ಅನ್ನಲಿಲ್ಲ. ಒಂದು ಸಂಗತಿ ಆಯಿತೆಂದು ಆ ಮಾತಿಲ್ಲದೆ ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದು ಬಾಯಲ್ಲಿ ಇದ್ದಿದ್ದರೆ ನಾನು ಅದನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ನನ್ನ ಗಂಡ ಮಂದೆಯ ನಾಯಿಯನ್ನು ಕರೆದುಕೊಂಡು ಕಾವಲಿಗೆ ನುಗ್ಗಿದ. ಹಟ್ಟಿಯ ಹೆಂಗಸರು ಬಂದು ಅಳಲು ಶುರುಮಾಡಿದರು. ನನಗೆ ಅಳುವೂ ಬರಲಿಲ್ಲ. ನಿಂತಲ್ಲೇ ಮರಗಟ್ಟಿದ್ದೆ.

ಹಾಗೆ ನಿಂತಿದ್ದಾಗ, ಬಂದು ಇಷ್ಟು ಹೊತ್ತಾದರೂ ನನ್ನ ಸೆರಗನ್ನು ಏನೂ ಜಗ್ಗಿಲ್ಲ ಎಂಬುದು ಮನಸ್ಸಿಗೆ ಬಂತು.

ತಬ್ಬಲಿ ಮರಿ ಎಲ್ಲೂ ಕಾಣಲಿಲ್ಲ. ಅದಕ್ಕಾಗಿ ಕೂಗಲು ತಾಯಿಯೇ ಇರಲಿಲ್ಲವಲ್ಲ! ನಮ್ಮ ತಪ್ಪದ ಲೆಕ್ಕದಲ್ಲಿ ಅದು ಇರಲೇ ಇಲ್ಲ.

"ಅತ್ತೆ, ತಬ್ಬಲಿ ಇಲ್ಲ! ತೋಳ ಒಯ್ದಿರೋದು ಅದ್ನ! ಕೂಸು ಇಲ್ಲೇ ಐತೆ!" ಎಂದು ಕಿರುಚಿದೆ. ಹೆಂಗಸರು ನನಗೆ ತಲೆ ಕೆಟ್ಟಿತೆಂದು ಹಿಡಿಯಲು ಬಂದರು. ಕೊಸರಿಕೊಂಡು ಗುಡಿಸಲೊಳಕ್ಕೆ ಓಡಿದೆ. ಪಾತ್ರೆಗಳನ್ನು ಉರುಳಿಸಿದೆ. ಕಂಬಳಿಗಳನ್ನು ಕೊಡವಿದೆ. ಇಲ್ಲೂ ಇಲ್ಲದಿದ್ದರೆ ಎಂಬ ಭಯಕ್ಕೆ ನೋಡಿದ ಕಡೆಯೇ ಮತ್ತೆ ನೋಡಿದೆ. ಹಿಂದಿನ ಮೂಲೆಯಲ್ಲಿ, ಕಂಬಳಿ ನೇಯಲೆಂದು ಕತ್ತರಿಸಿ ರಾಶಿ ಹಾಕಿದ್ದ ಕರಿಯ ತುಪ್ಪಟದೊಳಗೆ ಕೈ ತೂರಿಸಿದಾಗ ಬೆಚ್ಚಗಿನ ಕಾಲೊಂದು ಸಿಕ್ಕಿತು. ಮಂಕರಿ ಮಗುಚಿದಾಗ ತೆವಳಿಕೊಂಡು ಬಂದು, ಕುರಿಯ ವಾಸನೆ ಇದ್ದ ಕಡೆ ಹುದುಗಿ, ನನ್ನ ಮಗಳು ನಿದ್ದೆ ಹೋಗಿದ್ದಳು.

ಅತ್ತೆ ಕೂಸನ್ನು ಕಸಿದುಕೊಂಡು ತಲೆ, ಕತ್ತು, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಎಲ್ಲಾ ಸರ್ಯಾಗೈತಾ ಅತ್ತೆ?" ಅಂದೆ.

"ಸರ್ಯಾಗೈತೆ" ಅಂದಳು. ನನ್ನ ಎದೆ ಧಸಕ್ಕೆಂದಿತು. ಅವಳು ನಾಲಗೆ ಕಚ್ಚಿಕೊಂಡು ಸೇರಿಸಿದಳು: "ಹೆಚ್ಚುಕಮ್ಮಿ."

ಆಗ ನನಗೆ ಅಳು ಬಂತು.

ಆ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ನನಗೆ ಅಕ್ಷರ ಕಲಿಸಿದವಳೂ ಅವಳೇ. ಮಗಳು ಚೆನ್ನಾಗಿದ್ದಾಳಾ ಎಂದು ಯಾರಾದರೂ ಕೇಳಿದರೆ, ಅವಳು ಎದುರಿಗೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೂ ನಾನು ಹೆಚ್ಚುಕಮ್ಮಿ ಅನ್ನುತ್ತೇನೆ. ಅವಳು ರೇಗುತ್ತಾಳೆ. ರೇಗಲಿ. ಪೂರ್ತಿ ಹೇಳಲು ನನಗೆ ಈಗಲೂ ಭಯ.